ನಮ್ಮೂರ ಪೊಲೀಸ್ ಠಾಣೆ ಮತ್ತು ನಾವು: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮರ್ಯಾದಸ್ಥರು ಸ್ಟೇಷನ್ ಮೆಟ್ಟಿಲು ಹತ್ತಬಾರದು ಅನ್ನೋ ಮಾತು ನಮ್ಮ ಕಡೆ ಇನ್ನೂ ಹೋಗಿಲ್ಲ. ಈ ಮಾತಿನಿಂದ ಲಾಭ ಆಗಿರೋದು ಕಳ್ಳರಿಗೆ ಮತ್ತು ನಡುವೆ ನಿಂತು ದುಡ್ಡು ತಿನ್ನುವವರಿಗೆ. ತೊಂದರೆ ಬಂದ ದಿನವೇ ಮೊದಲ ಸಲ ಠಾಣೆಗೆ ಹೋಗುವವರು ಗಾಬರಿಯಲ್ಲಿರುತ್ತಾರೆ. ಯಾರನ್ನು ಕೇಳಬೇಕು ಗೊತ್ತಿರಲ್ಲ, ಏನು ಬರೆಯಬೇಕು ಗೊತ್ತಿರಲ್ಲ. ಅದಕ್ಕೇ ತೊಂದರೆ ಬರುವ ಮುಂಚೆಯೇ ಪರಿಚಯ ಇರಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ. ಸಂತೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ, ಗ್ರಾಮ ಪಂಚಾಯಿತಿ ಕಟ್ಟೆಯ ಮೇಲೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ನಮ್ಮೂರು ಯಾವ ಠಾಣೆಗೆ ಸೇರುತ್ತೆ? ಅಲ್ಲಿ ಯಾರು ಏನು ಮಾಡ್ತಾರೆ?

ತಾಲ್ಲೂಕು ಕೇಂದ್ರದಲ್ಲೇ ನಿಮ್ಮ ಠಾಣೆ ಇರಬೇಕು ಅಂತೇನಿಲ್ಲ. ಕೊಪ್ಪಳ ಜಿಲ್ಲೆಯಲ್ಲೇ ನೋಡಿ, ಮುನಿರಾಬಾದ್, ಅಳವಂಡಿ, ಬೇವೂರು, ತಾವರಗೇರಾ, ಹನುಮಸಾಗರದಲ್ಲಿ ಠಾಣೆಗಳಿವೆ. ಪಕ್ಕದ ಊರು ಒಂದು ಠಾಣೆಗೆ, ನಿಮ್ಮೂರು ಇನ್ನೊಂದಕ್ಕೆ ಸೇರಿರಬಹುದು. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ.

ಹಳ್ಳಿ ಕಡೆಯ ಠಾಣೆಗೆ ಸಾಮಾನ್ಯವಾಗಿ ಪಿಎಸ್‌ಐ ಮುಖ್ಯಸ್ಥರು. ಕೆಲವು ಠಾಣೆಗಳಿಗೆ ಇನ್ಸ್‌ಪೆಕ್ಟರ್ ಇರುತ್ತಾರೆ. ಅವರ ಮೇಲೆ ಡಿವೈಎಸ್‌ಪಿ, ಆಮೇಲೆ ಜಿಲ್ಲೆಗೆ ಎಸ್‌ಪಿ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ನಾಲ್ಕೂ ಜಿಲ್ಲೆಗಳು ಸೇರಿ ಬಳ್ಳಾರಿ ವಲಯ, ಅದಕ್ಕೆ ಐಜಿಪಿ. ಆದರೆ ನಿಮಗೆ ದಿನಾ ಬೇಕಾಗುವವರು ಇಬ್ಬರು: ಠಾಣೆಯಲ್ಲಿ ಕಾಗದಪತ್ರ ನೋಡುವ ಬರಹಗಾರರು, ಮತ್ತು ನಿಮ್ಮ ಊರಿನ ಬೀಟ್ ಪೊಲೀಸ್.

ಬೀಟ್ ಪೊಲೀಸ್ ಅಂದರೆ ರಾತ್ರಿ ಸೀಟಿ ಊದುತ್ತಾ ಬರೋರು ಅಲ್ವಾ?

ಅಷ್ಟೇ ಅಲ್ಲ. ಮೊದಲು ಬೀಟ್ ಅಂದರೆ ಬಹಳಮಟ್ಟಿಗೆ ರಾತ್ರಿ ಗಸ್ತು ಅಂತಲೇ ಇತ್ತು. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನು ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿಗೂ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದರು. ಅವರ ಜೊತೆ ಊರಿನ ನಾಗರಿಕ ಸದಸ್ಯರೂ ಇರುತ್ತಾರೆ: ಅಂಗಡಿಯವರು, ಮೇಷ್ಟ್ರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಯುವಕ ಸಂಘದವರು. ವಾಟ್ಸಾಪ್ ಗ್ರೂಪ್ ಕೂಡ ಇರುತ್ತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಷ್ಟೋ ಊರಲ್ಲಿ ಈ ಸದಸ್ಯರ ಪಟ್ಟಿಯಲ್ಲಿ ಬರೀ ಮುಖಂಡರ ಹೆಸರೇ ಇರುತ್ತೆ. ಕುರಿ ಕಾಯುವವರು, ಕೂಲಿಗೆ ಹೋಗುವವರು, ಕೇರಿಯ ಹೆಣ್ಣುಮಕ್ಕಳು ಇರಲ್ಲ. ಆದರೆ ಊರಾಚೆ ರಾತ್ರಿ ಯಾವ ಗಾಡಿ ನಿಂತಿತ್ತು ಅಂತ ಗೊತ್ತಿರೋದು ಕುರಿಗಾರನಿಗೆ. ಯಾವ ಮನೆಯಲ್ಲಿ ಹೊಡೆತ ಬಡಿತ ನಡೀತಿದೆ ಅಂತ ಗೊತ್ತಿರೋದು ಪಕ್ಕದ ಮನೆಯ ಅಕ್ಕನಿಗೆ. ಅಂಥವರನ್ನು ಸೇರಿಸಿ ಅಂತ ನೀವೇ ಕೇಳಿ. ಯಾವ ಪಿಎಸ್‌ಐ ಕೂಡ ಬೇಡ ಅನ್ನಲು ಕಾರಣ ಇಲ್ಲ.

ಈ ಪರಿಚಯ ಕಳ್ಳತನಕ್ಕೆ ಮಾತ್ರ ಬೇಕಾಗೋದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಅಂಥ ಹೊತ್ತಲ್ಲಿ ದಂಡೆಯ ಮೇಲೆ ಯಾರ ಪಂಪ್‌ಸೆಟ್ ಇದೆ, ಯಾರು ದನ ಕಟ್ಟಿದ್ದಾರೆ, ಹೊಲದ ಗುಡಿಸಲಲ್ಲಿ ಯಾರು ಮಲಗಿದ್ದಾರೆ ಅಂತ ಗೊತ್ತಿರುವವರ ಫೋನ್ ನಂಬರ್ ಪೊಲೀಸರ ಹತ್ತಿರ ಇರಬೇಕು.

ಪೊಲೀಸರು ಸುಮ್ನೆ ಮನೆಗೆ ಬಂದು ಹೆಸರು, ನಂಬರ್ ಕೇಳಿದರು. ಹೆದರಬೇಕಾ?

ಹೆದರಬೇಡಿ. 2025ರ ಜುಲೈಯಲ್ಲಿ ರಾಜ್ಯ ಸರ್ಕಾರ 'ಮನೆ ಮನೆಗೆ ಪೊಲೀಸ್' ಅನ್ನೋ ಕಾರ್ಯಕ್ರಮ ಶುರು ಮಾಡಿದೆ. ಬೀಟ್ ಸಿಬ್ಬಂದಿ ಮನೆಗಳಿಗೆ ಹೋಗಿ ಮಾತಾಡಿಸಿ, ಏನಾದರೂ ತೊಂದರೆ ಇದೆಯಾ ಅಂತ ಕೇಳೋದು ಅದರ ಉದ್ದೇಶ. ಬಂದವರು ನಿಜವಾದ ಪೊಲೀಸರಾ ಅಂತ ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ, ಠಾಣೆಗೆ ಫೋನ್ ಮಾಡಿ ವಿಚಾರಿಸಿ. ಅದರಲ್ಲಿ ಅವಮಾನ ಮಾಡಿದಂತೆ ಏನೂ ಇಲ್ಲ. ಬ್ಯಾಂಕಿನ ವಿವರ, ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ. ಬೀಟ್ ಪೊಲೀಸರಿಗೆ ಅದು ಬೇಕಾಗಲ್ಲ.

ಗುಳೆ ಹೋಗುತ್ತೇವೆ. ತಿಂಗಳುಗಟ್ಟಲೆ ಮನೆಗೆ ಬೀಗ. ಠಾಣೆಗೆ ಹೇಳಬಹುದಾ?

ಹೇಳಲೇಬೇಕು. ಬೀಗ ಹಾಕಿದ ಮನೆಗಳ ಮಾಹಿತಿ ಇದ್ದರೆ ಗಸ್ತಿನವರು ಆ ಓಣಿಯ ಕಡೆ ಕಣ್ಣು ಹಾಯಿಸುತ್ತಾರೆ. ಎಷ್ಟು ದಿನ ಇರಲ್ಲ, ಬೆಂಗಳೂರಲ್ಲೋ ಪುಣೆಯಲ್ಲೋ ನಿಮ್ಮ ಫೋನ್ ನಂಬರ್ ಏನು, ಊರಲ್ಲಿ ಯಾರ ಹತ್ತಿರ ಕೀಲಿ ಇದೆ, ಇಷ್ಟು ತಿಳಿಸಿ. ಬಂಗಾರವನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟು ಹೋಗಬೇಡಿ, ಕಳ್ಳರು ಮೊದಲು ನೋಡೋದೇ ಅಲ್ಲಿ.

ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಹೆಸರು, ಊರು, ಫೋನ್ ನಂಬರನ್ನು ಮನೆಯ ಹಿರಿಯರ ಹತ್ತಿರ ಬರೆದಿಟ್ಟು ಹೋಗಿ. ಮುಂಗಡ ಕೊಟ್ಟು ಕರೆದೊಯ್ದು ವಾಪಸ್ ಬಿಡದೆ ಇಟ್ಟುಕೊಂಡರೆ ಅದು ಜೀತ. ಅದಕ್ಕೆ 1976ರಿಂದಲೇ ಕಾನೂನಿದೆ.

ದೂರು ಕೊಡೋದು ಹೇಗೆ? ಯಾರನ್ನಾದರೂ ಕರ್ಕೊಂಡು ಹೋಗಬೇಕಾ?

ಧೈರ್ಯಕ್ಕೆ ಮನೆಯವರನ್ನೋ ಗೆಳೆಯರನ್ನೋ ಕರ್ಕೊಂಡು ಹೋಗಿ. "ಸಾಹೇಬ್ರು ನಮ್ಮೋರೇ, ನಾ ಮಾತಾಡ್ತೀನಿ" ಅನ್ನುವವರನ್ನು ಮಾತ್ರ ಬೇಡ. ದೂರು ಕೊಡಲು ಒಂದು ರೂಪಾಯಿ ಶುಲ್ಕವೂ ಇಲ್ಲ.

ದೂರನ್ನು ಬರೆದು ಕೊಡಬಹುದು, ಬಾಯಲ್ಲೂ ಹೇಳಬಹುದು. ಬಾಯಲ್ಲಿ ಹೇಳಿದರೆ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು, ಆಮೇಲೆ ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಓದಿ ಹೇಳದೆ ಸಹಿ ಕೇಳಿದರೆ, "ಒಂದ್ಸಲ ಓದ್ರೀ ಸಾರ್" ಅನ್ನಿ. ಎಫ್‌ಐಆರ್ ಆದ ಮೇಲೆ ಅದರ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು.

ದೂರು ಎಷ್ಟು ಖಚಿತವಾಗಿರುತ್ತೋ ತನಿಖೆ ಅಷ್ಟು ಸಲೀಸು. ಹೊಲದ ಮೋಟರ್ ಕಳುವಾಯಿತು ಅಂದುಕೊಳ್ಳಿ. ಎಷ್ಟೋ ಜನ "ನನ್ನ ಮೋಟರ್ ಕಳ್ಳತನವಾಗಿದೆ, ಹುಡುಕಿ ಕೊಡಿ" ಅಂತ ಎರಡು ಸಾಲು ಬರೆಯುತ್ತಾರೆ. ಅದರಿಂದ ಪೊಲೀಸರಿಗೆ ಏನೂ ಸಿಗಲ್ಲ. ಯಾವ ಕಂಪನಿಯದು, ಎಷ್ಟು ಎಚ್‌ಪಿ, ಕೊಂಡ ಬಿಲ್ಲು ಇದೆಯಾ, ಅದರಲ್ಲಿ ಸೀರಿಯಲ್ ನಂಬರ್ ಏನಿದೆ, ಕೇಬಲ್ ಎಷ್ಟು ಮೀಟರ್ ಹೋಗಿದೆ, ಕೊನೆಗೆ ನೋಡಿದ್ದು ಯಾವಾಗ, ಬೆಳಿಗ್ಗೆ ಮೊದಲು ಯಾರು ನೋಡಿದರು, ಆ ದಿನ ಕರೆಂಟು ಎಷ್ಟೊತ್ತಿಗೆ ಬಂದಿತ್ತು, ಇವೆಲ್ಲ ಬೇಕು. ಕರೆಂಟು ಯಾಕೆ ಅಂದರೆ, ಲೈನ್ ಇಲ್ಲದ ಹೊತ್ತು ನೋಡಿಯೇ ಕಳ್ಳರು ವೈರ್ ಕತ್ತರಿಸೋದು. ಈಗಲೇ ನಿಮ್ಮ ಮೋಟರಿನ ಪ್ಲೇಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೈಕು, ಟ್ರ್ಯಾಕ್ಟರಿನ ಚಾಸಿ ನಂಬರೂ ಹಾಗೆಯೇ.

ಎಲ್ಲ ದೂರಿಗೂ ಎಫ್‌ಐಆರ್ ಆಗಲ್ಲ. ಸಣ್ಣ ಬೈದಾಟದಂಥವು ಅಸಂಜ್ಞೇಯ ಅಪರಾಧ. ಅವುಗಳನ್ನು ಬೇರೆಯಾಗಿ ದಾಖಲಿಸುತ್ತಾರೆ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲ. ಆಗಲೂ ಹಿಂಬರಹ, ಅಂದರೆ ದೂರಿನ ಬಗ್ಗೆ ಠಾಣೆಯವರು ಬರೆದುಕೊಡುವ ಚೀಟಿ, ಕೇಳಿ ಪಡೆಯಿರಿ. ಕೈಯಲ್ಲಿ ಕಾಗದ ಇಲ್ಲದೆ ಠಾಣೆಯಿಂದ ಹೊರಗೆ ಬರಬೇಡಿ.

"ಇದು ನಮ್ಮ ಲಿಮಿಟ್ ಅಲ್ಲ, ಆ ಠಾಣೆಗೆ ಹೋಗಿ" ಅಂದರೆ?

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು) ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನೋದು. ಅವರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ರಾಯಚೂರಿನಿಂದ ಬಸ್ಸಲ್ಲಿ ಬರುವಾಗ ಬ್ಯಾಗ್ ಹೋಗಿ, ಸಿಂಧನೂರಲ್ಲಿ ಗೊತ್ತಾದರೆ ಸಿಂಧನೂರಲ್ಲೇ ದೂರು ಕೊಡಿ. ಆನ್‌ಲೈನಿನಲ್ಲೂ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರು ತಗೊಳ್ಳೋದೇ ಇಲ್ಲ ಅಂದರೆ?

ದೂರನ್ನು ಬರೆದು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಸಂಜ್ಞೇಯ ಅಪರಾಧ ಅಂತ ದೂರಿನಲ್ಲೇ ಕಂಡರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಈಗಿನ ಕಾನೂನಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ. "ವಿಚಾರಣೆ ನಡೀತಿದೆ" ಅಂದರೆ ಯಾವ ದಿನ ಶುರುವಾಯಿತು ಅಂತ ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. ಉಚಿತ ಸಹಾಯವಾಣಿ 15100.

ಹೊಲದ ಬದು, ಕಾಲುವೆ ನೀರಿನ ಜಗಳ ಪೊಲೀಸರು ಬಗೆಹರಿಸ್ತಾರಾ?

ಹೊಲ ಯಾರದು ಅಂತ ಪೊಲೀಸರು ತೀರ್ಮಾನ ಮಾಡುವಂತಿಲ್ಲ. ಅದು ಸಿವಿಲ್ ಕೋರ್ಟ್, ತಹಶೀಲ್ದಾರ್, ಸರ್ವೆಯವರ ಕೆಲಸ. ಬದುವಿನ ಮೇಲೆ ಕೊಡಲಿ ಎತ್ತಿದರೆ, ಬೆಳೆ ಕೊಯ್ದೊಯ್ದರೆ, ಜೀವ ಬೆದರಿಕೆ ಹಾಕಿದರೆ ಅದು ಪೊಲೀಸರ ಕೆಲಸ. ಎರಡನ್ನೂ ಕಲಸಿ ದೂರು ಬರೆದರೆ ಯಾವುದೂ ಆಗಲ್ಲ. ಸಿವಿಲ್ ವ್ಯಾಜ್ಯವನ್ನು ಠಾಣೆಯ ಅಂಗಳದಲ್ಲಿ ಕೂಡಿಸಿ "ಇಷ್ಟು ಕೊಟ್ಟು ಮುಗಿಸ್ಕೊಳ್ಳಿ" ಅಂತ ಪಂಚಾಯ್ತಿ ಮಾಡೋದು ನನಗಂತೂ ಒಪ್ಪಿಗೆ ಇಲ್ಲ. ದುಡ್ಡಿದ್ದವನೇ ಅಲ್ಲಿ ಗೆಲ್ಲೋದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ವಿಷಯ ಇನ್ನೂ ಸೂಕ್ಷ್ಮ. ಗಂಗಾವತಿ ಕಡೆ ಭತ್ತ ನಾಟಿ ಮುಗಿದರೂ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ಕಾಯುತ್ತಿರುತ್ತಾರೆ. ನೀರು ಹಂಚೋದು ನೀರಾವರಿ ಇಲಾಖೆ. ಪೊಲೀಸರು ಬರೋದು ತೂಬಿನ ಹತ್ತಿರ ಗಲಾಟೆ ಆಗದಂತೆ ನೋಡಲು, ಅಕ್ರಮವಾಗಿ ನೀರೆತ್ತುವವರನ್ನು ತಡೆಯಲು ಇಲಾಖೆಯವರ ಜೊತೆ. ನೀರು ಬಂದಿಲ್ಲ ಅನ್ನೋ ಸಿಟ್ಟನ್ನು ಕಾಲುವೆ ಮೇಲೆ ನಿಂತ ಕಾನ್‌ಸ್ಟೇಬಲ್ ಮೇಲೆ ತೀರಿಸಬೇಡಿ. ಎಷ್ಟೋ ಸಲ ಅವರ ಹೊಲವೂ ಕೊನೆ ಭಾಗದಲ್ಲೇ ಇರುತ್ತೆ.

ಹಬ್ಬದ ಮುಂಚೆ ಶಾಂತಿ ಸಭೆ ಮಾಡ್ತಾರಲ್ಲ, ಅದರಿಂದ ಏನಾಗುತ್ತೆ?

ಚೆನ್ನಾಗಿ ಮಾಡಿದರೆ ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ಕೆಟ್ಟ ಶಾಂತಿ ಸಭೆ ಹೇಗಿರುತ್ತೆ ಅಂದರೆ, ಮುಂದಿನ ಕುರ್ಚಿಯಲ್ಲಿ ಮುಖಂಡರು, ಎಲ್ಲರೂ "ನಾವೆಲ್ಲ ಅಣ್ಣತಮ್ಮಂದಿರು" ಅಂತ ಭಾಷಣ, ಚಹಾ, ಫೋಟೋ, ಮನೆಗೆ. ಒಳ್ಳೆಯ ಸಭೆಯಲ್ಲಿ ಭಾಷಣ ಕಮ್ಮಿ, ತಕರಾರು ಜಾಸ್ತಿ. ಗಣೇಶ ಮೂರ್ತಿ ಎಷ್ಟು ಅಡಿ ಅಂತ ಕೇಳುತ್ತಾರೆ. ಜೆಸ್ಕಾಂ ಲೈನ್‌ಮನ್ ಎದ್ದು, ಆ ತಿರುವಿನಲ್ಲಿ ವೈರ್ ಜೋತು ಬಿದ್ದಿದೆ, ಟ್ರ್ಯಾಕ್ಟರ್ ಮೇಲೆ ಮೂರ್ತಿ ಇಟ್ಟರೆ ತಗಲುತ್ತೆ ಅಂತಾರೆ. ಮಸೀದಿ ಕಮಿಟಿಯವರು ನಮಾಜಿನ ಹೊತ್ತು ಹೇಳುತ್ತಾರೆ, ಮೆರವಣಿಗೆಯವರು ಆ ಜಾಗ ದಾಟುವ ಹೊತ್ತು ಹೇಳುತ್ತಾರೆ. ಹೊಂಡದ ಹತ್ತಿರ ಈಜು ಬರುವ ಹುಡುಗರು ಯಾರು ನಿಲ್ಲುತ್ತಾರೆ ಅಂತ ಹೆಸರು ಬರೆದುಕೊಳ್ಳುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ ಅನ್ನೋ ನಿಯಮವನ್ನು ಡಿಜೆ ಬಾಡಿಗೆ ಕೊಡುವವನ ಎದುರಿಗೇ ಹೇಳುತ್ತಾರೆ. ಇಷ್ಟಾದರೆ ಆ ದಿನ ಲಾಠಿಯ ಕೆಲಸ ಬಹಳ ಕಮ್ಮಿ.

ನಮ್ಮ ಭಾಗಕ್ಕೆ ಇದು ಹೊಸದಲ್ಲ. ಮುದಗಲ್ಲಿನ ಮೊಹರಂನಲ್ಲಿ ಹಿಂದೂಗಳು, ಮುಸ್ಲಿಮರು ಕೂಡಿಯೇ ಆಲಂ (ಮೊಹರಂನ ಪವಿತ್ರ ಲಾಂಛನ) ಹಿಡಿಯುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಷ್ಟು ಜನರನ್ನು ಪೊಲೀಸರು ಮಾತ್ರ ಸಂಭಾಳಿಸಲು ಆಗಲ್ಲ. ಮಠದ ಸ್ವಯಂಸೇವಕರು, ಗೃಹರಕ್ಷಕರು, ರೊಟ್ಟಿ ತಂದುಕೊಡುವ ಊರಿನವರು ಎಲ್ಲ ಸೇರಿದರೇ ಆಗೋದು.

ಊರಲ್ಲಿ ಹೋಟೆಲಿಗೆ, ಕಟಿಂಗ್ ಶಾಪಿಗೆ ನಮ್ಮ ಕೇರಿಯವರನ್ನು ಬಿಡಲ್ಲ. ದೂರು ಕೊಟ್ಟರೆ ಊರಲ್ಲಿ ಬಾಳೋಕೆ ಬಿಡ್ತಾರಾ?

ಈ ಹೆದರಿಕೆ ಸುಳ್ಳಲ್ಲ. ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳ ಮೇಲೆ ದಾಳಿಯಾಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕಟಿಂಗ್ ಶಾಪು, ಹೋಟೆಲಿಗೆ ಬಿಡದ ವಿಷಯವೇ ಅದರ ಹಿಂದೆ ಇತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಗಿದೆ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಪ್ರಕರಣವನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. 60 ದಿನದಲ್ಲಿ ತನಿಖೆ ಮುಗಿಯಬೇಕು. ಎಫ್‌ಐಆರಿಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ. ಬೇಕಂತಲೇ ಕರ್ತವ್ಯ ಮಾಡದ ಅಧಿಕಾರಿಗೂ ಆ ಕಾಯ್ದೆಯಲ್ಲೇ ಶಿಕ್ಷೆ ಇದೆ.

ಸಂತ್ರಸ್ತರೇ ದೂರು ಕೊಡಲು ಹೆದರಿದರೆ ಬೇರೆಯವರೂ ಕೊಡಬಹುದು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಎಳೆ ಮಗು ಗುಡಿಯೊಳಗೆ ಹೋಯಿತು ಅಂತ ತಂದೆತಾಯಿಗೆ ದಂಡ ಕೇಳಿದರು. ಮನೆಯವರು ದೂರಿಗೆ ಮುಂದೆ ಬರಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ದೂರು ಕೊಟ್ಟರು, ಬಂಧನಗಳಾದವು. ಅಧಿಕಾರಿಗಳು, ಪೊಲೀಸರು ಊರಿಗೇ ಹೋಗಿ ಜನರನ್ನು ಕೂಡಿಸಿ ಮಾತಾಡಿದರು.

ಠಾಣೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಕುಂದುಕೊರತೆ ಸಭೆ ನಡೆಯುತ್ತೆ. ಮುಂದಿನ ಸಭೆ ಯಾವತ್ತು ಅಂತ ಠಾಣೆಯಲ್ಲೇ ಕೇಳಿ. ನಿಮ್ಮ ಕೇರಿಯಿಂದ ಯುವಕರು ಮಾತ್ರ ಅಲ್ಲ, ಹೆಣ್ಣುಮಕ್ಕಳೂ ಹೋಗಲಿ. ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಬಾಲ್ಯವಿವಾಹದ ಸುದ್ದಿ ಗೊತ್ತಾದರೆ? ನಮ್ಮ ಹೆಸರು ಹೊರಗೆ ಬಂದರೆ ಗತಿ ಏನು?

ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಹೆಸರು ಹೇಳಲೇಬೇಕು ಅಂತಿಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅರಿಶಿನ ಹಚ್ಚಿದ ಮೇಲೆ ನಿಲ್ಲಿಸೋದು ಎಲ್ಲರಿಗೂ ಕಷ್ಟ, ಹುಡುಗಿಗೆ ಎಲ್ಲರಿಗಿಂತ ಹೆಚ್ಚು. ಮಾತುಕತೆ ನಡೆಯುವಾಗಲೇ ತಿಳಿಸಿದರೆ ಅಂಗನವಾಡಿ ಕಾರ್ಯಕರ್ತೆ, ಪಿಡಿಒ, ಬೀಟ್ ಪೊಲೀಸ್ ಮೂವರೂ ಮನೆಗೆ ಹೋಗಿ ಸಮಾಧಾನವಾಗಿ ಮಾತಾಡಬಹುದು.

ಹೆಣ್ಣುಮಕ್ಕಳು ಠಾಣೆಗೆ ಹೋಗಲೇಬೇಕಾ?

ಸಾಕ್ಷಿಯಾಗಿ ಹೇಳಿಕೆ ಕೊಡಲು ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ. ಅವರಿರುವ ಜಾಗಕ್ಕೇ ಬರಬೇಕು. 15 ವರ್ಷದೊಳಗಿನ, 60 ವರ್ಷ ಮೀರಿದ ಗಂಡಸರಿಗೂ ಇದೇ ನಿಯಮ. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕು. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಫೋನಲ್ಲಿ ದುಡ್ಡು ಹೋಯ್ತು. ಎಲ್ಲಿಗೆ ಹೋಗೋದು?

ಹೋಗೋದಕ್ಕಿಂತ ಮೊದಲು 1930ಕ್ಕೆ ಫೋನ್ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತೆ, ಬೇಗ ತಿಳಿಸಿದಷ್ಟೂ ತಡೆಯುವ ಅವಕಾಶ ಜಾಸ್ತಿ. ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಅಥವಾ ನಿಮ್ಮ ಠಾಣೆಗೆ ಹೋಗಿ. ಮೆಣಸಿನಕಾಯಿ, ಹತ್ತಿ ಮಾರಿದ ದುಡ್ಡು ಖಾತೆಗೆ ಬಂದ ಹೊತ್ತಲ್ಲಿ ಬರುವ ಅಪರಿಚಿತ ಫೋನು, ಲಿಂಕುಗಳ ಬಗ್ಗೆ ತುಂಬಾ ಹುಷಾರಾಗಿರಿ. ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೋ ಕಾಲಿನಲ್ಲಿ ಯಾವ ಪೊಲೀಸರೂ ಬಂಧಿಸಲ್ಲ.

ಹೈವೇಯಲ್ಲಿ ಅಪಘಾತ ನೋಡಿದರೆ ಕೇಸಿಗೆ ಸಿಕ್ಕಿ ಬೀಳ್ತೀವಾ?

ಇಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಈ ರಕ್ಷಣೆ ಸೇರಿದೆ. ಕುಷ್ಟಗಿ, ಹೊಸಪೇಟೆ ಮೇಲೆ ಹಾಯುವ ಹೆದ್ದಾರಿ 50ರ ಅಕ್ಕಪಕ್ಕದ ಊರಿನವರಿಗೆ ಇದು ಗೊತ್ತಿರಲೇಬೇಕು. ರಸ್ತೆ ಮೇಲೆ ಸಜ್ಜೆ, ಜೋಳ ಒಣಹಾಕಿ ಸುತ್ತ ಕಲ್ಲಿಡೋದನ್ನು ಮಾತ್ರ ದಯವಿಟ್ಟು ಬಿಡಿ. ರಾತ್ರಿ ಬೈಕಿನವರ ಜೀವ ಹೋಗೋದು ಆ ಕಲ್ಲಿಗೆ. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಹಚ್ಚಿಸಿ.

ಶಾಲೆ ಮಕ್ಕಳನ್ನು ಠಾಣೆಗೆ ಕರ್ಕೊಂಡು ಹೋಗಬಹುದಾ?

ಹೌದು, ಅದಕ್ಕೇ 'ತೆರೆದ ಮನೆ' ಕಾರ್ಯಕ್ರಮ ಇದೆ. ಮುಖ್ಯೋಪಾಧ್ಯಾಯರು ಪಿಎಸ್‌ಐ ಅವರಿಗೆ ಒಂದು ಪತ್ರ ಕೊಟ್ಟರೆ ಸಾಕು. ವೈರ್‌ಲೆಸ್, ಲಾಕಪ್, ಬರಹಗಾರರ ಕೋಣೆ ನೋಡಿದ ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ. ಅವರಮ್ಮನ ಹೆದರಿಕೆಯೂ ಅರ್ಧ ಹೋಗುತ್ತೆ.

ಪೊಲೀಸರೇ ದುಡ್ಡು ಕೇಳಿದರೆ, ಹೊಡೆದರೆ?

ಲಂಚಕ್ಕೆ ಲೋಕಾಯುಕ್ತ, ಜಿಲ್ಲಾ ಕೇಂದ್ರದಲ್ಲೇ ಅವರ ಕಚೇರಿ ಇದೆ. ಹೊಡೆತ, ಅಕ್ರಮ ಬಂಧನಕ್ಕೆ ಎಸ್‌ಪಿ, ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ. ಯಾರನ್ನೇ ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಮನೆಯವರಿಗೆ ತಿಳಿಸಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಘಟನೆ ನಡೆದ ದಿನ, ಹೊತ್ತು ಬರೆದಿಟ್ಟುಕೊಂಡು ಆ ದೃಶ್ಯ ಉಳಿಸಿಡಿ ಅಂತ ತಡಮಾಡದೆ ಲಿಖಿತವಾಗಿ ಕೇಳಿ. ಪೊಲೀಸರ ಜೊತೆ ಕೈಜೋಡಿಸೋದು ಅಂದರೆ ಅವರ ತಪ್ಪು ಮುಚ್ಚೋದಲ್ಲ. ಒಳ್ಳೆಯ ಸಿಬ್ಬಂದಿಗೂ ಇಂಥ ದೂರುಗಳಿಂದ ಅನುಕೂಲವೇ.

ಪರಿಚಯ ಆಗುವಷ್ಟರಲ್ಲಿ ಬೀಟ್ ಪೊಲೀಸ್ ವರ್ಗ ಆಗಿ ಹೋದರೆ?

ಹೊಸಬರು ಯಾರು ಅಂತ ಠಾಣೆಗೆ ಫೋನ್ ಮಾಡಿ ಕೇಳಿ, ನಂಬರನ್ನು ಪಂಚಾಯಿತಿ ಗೋಡೆ, ಹಾಲಿನ ಡೇರಿ, ಕಿರಾಣಿ ಅಂಗಡಿಯಲ್ಲಿ ಬರೆಸಿ. ಗ್ರಾಮಸಭೆಗೆ ಅವರನ್ನು ಕರೆಯಿರಿ. ಹಳಬರಿಗೆ ಗೊತ್ತಿದ್ದ ವಿಷಯ, ಅಂದರೆ ಯಾವ ಮನೆಗೆ ಬೀಗ ಇದೆ, ಯಾವ ಓಣಿಯಲ್ಲಿ ದೀಪ ಇಲ್ಲ, ಯಾವ ಅಜ್ಜಿ ಒಬ್ಬರೇ ಇರುತ್ತಾರೆ ಅನ್ನೋದನ್ನು ನೀವೇ ಮತ್ತೆ ಹೇಳಿ.